ಬೋನಾಳದಾಗ 640 ಫೋಟೋ ಹೊಡದೆ, ಬರೀ ಬಾಲ! ತಪ್ಪು ಲೆನ್ಸಿಂದೋ, ನಂದೋ?

ಸುರಪುರದವ · ಸೋಮವಾರ, ರಾತ್ರಿ 9.40

ಎಲ್ಲರಿಗೂ ಶರಣ್ರಿ. ನಿಮ್ಮದೆಲ್ಲಾ ಓದಕೋತ ಎರಡು ವರ್ಷ ಆತು, ಬರಿಯೋದು ಇದೇ ಮೊದಲು.

ನಿನ್ನಿ ಐತವಾರ ಬೋನಾಳ ಕೆರಿಗೆ ಹೋಗಿದ್ದೆ. ಮಧ್ಯಾಹ್ನ ಮೂರೂವರಿಯಿಂದ ಹೊತ್ತು ಮುಳುಗೋತನ ಕೂತೆ. ಪಟ್ಟೆತಲೆ ಹೆಬ್ಬಾತು ಐವತ್ತರ ಮ್ಯಾಲೆ ಇದ್ವು. ಸೂರ್ಯ ಬೆನ್ನಿಗೆ ಇರಬೇಕು ಅಂತ ಎಲ್ಲಾ ಕಡಿ ಓದೀನಿ, ಹಂಗಾಗಿ ಪಡುವಣ ದಂಡಿ ಹಿಡದು ಕೂತೆ. ಬೆಳಕು ಅಂದ್ರ ಬೆಳಕು, ಬಂಗಾರದ ಹಂಗ. ಮನಿಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದ್ರ, ಒಂದರ ಹಿಂದ ಒಂದು ಬಾಲ, ಕಾಲು, ಬಾಲ. ತಲಿ ಮ್ಯಾಲಿನ ಎರಡು ಕರಿ ಪಟ್ಟಿ ಕಾಣೋ ಫೋಟೋ ನಾಕು. ಅವೂ ಮಸಕು.

ದೂರದ್ದು ಹತ್ತಿರ ತೋರಸೋ 150-600 ಎಂ.ಎಂ. ಲೆನ್ಸ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಂಗಡಿಯವ್ರಿಗೆ ತೋರಿಸಿದ್ರ "ಇದರ ಫೋಕಸ್ ಕೆಟ್ಟದ, ಇದು ಕೊಟ್ಟು ದೊಡ್ಡದು ಒಯ್ರಿ" ಅಂದ್ರು. ಮ್ಯಾಲೆ ಒಂದೂವರಿ ಲಕ್ಷ ಹಾಕಬೇಕಂತ. ತೊಗರಿ ಇನ್ನೂ ರಾಶಿನೇ ಆಗಿಲ್ಲ. ಏನ್ ಮಾಡ್ಲಿ ಹೇಳ್ರಿ.

ಕರಿಮಣ್ಣು · ಸೋಮವಾರ, ರಾತ್ರಿ 10.05

ತಮ್ಮಾ, ಅಂಗಡಿ ಕಡೆ ಹೋಗಬ್ಯಾಡ. ಒಂದೇ ಪ್ರಶ್ನೆ. ಅವತ್ತು ಗಾಳಿ ಯಾವ ಕಡಿಯಿಂದ ಇತ್ತು?

ಸುರಪುರದವ · ಸೋಮವಾರ, ರಾತ್ರಿ 10.11

ಗಾಳೀ? ಅದನ್ನೇನು ಲಕ್ಷ್ಯಾ ಕೊಟ್ಟಿಲ್ರಿ ಅಣ್ಣಾರ. ಮುಖಕ್ಕ ಹೊಡೀತಿತ್ತು. ಕಣ್ಣಾಗ ನೀರು ಬರ್ತಿತ್ತು.

ಕರಿಮಣ್ಣು · ಮಂಗಳವಾರ, ಬೆಳಿಗ್ಗೆ 6.30

ಅಲ್ಲೇ ಸಿಕ್ಕಿತು ನೋಡು. ಉದ್ದ ಬರೀತೀನಿ, ಚಹಾ ಕುಡಕೋತ ಓದು.

ಹಕ್ಕಿ ಇಳಿಯುವಾಗಲೂ ಏಳುವಾಗಲೂ ಗಾಳಿಗೆ ಎದುರಾಗಿಯೇ ಇರುತ್ತದೆ. ರೆಕ್ಕೆಯ ಮೇಲೆ ಗಾಳಿ ಹರಿದರೆ ಮಾತ್ರ ಅದಕ್ಕೆ ಎತ್ತುವ ಬಲ ಸಿಗುತ್ತದೆ. ಎದುರುಗಾಳಿ ಇದ್ದರೆ ನೆಲದ ಮೇಲೆ ನಿಧಾನವಾಗಿ ಬಂದರೂ ರೆಕ್ಕೆಗೆ ಬೇಕಾದ ಗಾಳಿ ಸಿಕ್ಕೇ ಸಿಗುತ್ತದೆ, ಮುಗ್ಗರಿಸದೆ ಇಳಿಯಬಹುದು. ಎರಡು ಎರಡೂವರೆ ಕಿಲೋ ತೂಗುವ ಹೆಬ್ಬಾತಿನಂಥ ಭಾರದ ಹಕ್ಕಿಗಂತೂ ಇದು ಬಿಟ್ಟರೆ ಗತಿಯಿಲ್ಲ. ವಿಮಾನದವರೂ ಹೀಗೇ ಮಾಡುವುದು.

ನೀನು ಪಡುವಣ ದಂಡೆಯಲ್ಲಿ ಮೂಡಣಕ್ಕೆ ಮುಖ ಮಾಡಿ ಕೂತಿದ್ದಿ. ಗಾಳಿ ಮುಖಕ್ಕೆ ಹೊಡೀತಿತ್ತು ಅಂದರೆ ಮೂಡಣ ಗಾಳಿ. ಅಂದಮೇಲೆ ಇಳಿಯುವ ಪ್ರತಿ ಹೆಬ್ಬಾತೂ ನಿನಗೆ ಬೆನ್ನು ತೋರಿಸಿ, ಮೂಡಣಕ್ಕೆ ಮುಖ ಮಾಡಿಯೇ ಇಳಿದಿದೆ. ಬೆಳಕು ನಿನ್ನ ಕಡೆ ಇತ್ತು, ಗಾಳಿ ಇರಲಿಲ್ಲ. ಲೆನ್ಸ್ ಬದಲಿಸಿದ್ದರೆ ಅದೇ 600 ಬಾಲ ಇನ್ನೂ ಚೊಕ್ಕಾಗಿ ಬರುತ್ತಿದ್ದವು, ಅಷ್ಟೆ.

ನಮ್ಮ ಕಡೆ ಚಳಿಗಾಲದಲ್ಲಿ ಗಾಳಿ ಬಹುಮಟ್ಟಿಗೆ ಮೂಡಣ ಅಥವಾ ಈಶಾನ್ಯದಿಂದ. ಮುಂಗಾರಿನಲ್ಲಿ ಪಡುವಣ, ನೈಋತ್ಯದಿಂದ. ಇದನ್ನು ಸೂರ್ಯನ ಜೊತೆ ಜೋಡಿಸಿ ನೋಡು. ಚಳಿಗಾಲದಲ್ಲಿ ಬೆಳಗಿನ ಸೂರ್ಯನೂ ಗಾಳಿಯೂ ಒಂದೇ ಕಡೆಯವು. ಮೂಡಣ ದಂಡೆಯಲ್ಲಿ ಪಡುವಣಕ್ಕೆ ಮುಖ ಮಾಡಿ ಕೂತರೆ ಬೆಳಕೂ ಗಾಳಿಯೂ ಬೆನ್ನಿಗೆ, ಹಕ್ಕಿ ನಿನ್ನ ಎದುರಿಗೆ. ಸಂಜೆ ಎರಡೂ ಎದುರಾಬದುರು. ಮುಂಗಾರಿನಲ್ಲಿ ಇದು ತಿರುವುಮುರುವು, ಮೋಡ ಬಿಟ್ಟುಕೊಟ್ಟರೆ ಸಂಜೆಯೇ ಚಲೋ. ಹಾಗಾಗಿ ಜನವರಿಯಲ್ಲಿ ಬೋನಾಳಕ್ಕೆ ಸಂಜೆ ಹೋಗುವುದು ಅಂದರೆ ಊಟ ಮುಗಿದ ಮೇಲೆ ಪಂಗತಿಗೆ ಕೂತ ಹಾಗೆ.

ಇನ್ನೊಂದು ಲಾಭ ಇದೆ. ಗಂಟೆಗೆ 40 ಕಿ.ಮೀ. ಹಾರುವ ಹಕ್ಕಿಗೆ 25 ಕಿ.ಮೀ. ಎದುರುಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ ಅದು ಬರುವುದು 15 ಕಿ.ಮೀ. ವೇಗದಲ್ಲಿ, ಸೈಕಲ್ ಬಂದ ಹಾಗೆ. ಅದೇ ಹಕ್ಕಿ ಗಾಳಿಯ ಜೊತೆ ಹೋದರೆ 65. ನಿನ್ನ ಆ ನಾಲ್ಕು ಮಸುಕು ಫೋಟೋ ಗಾಳಿಯ ಜೊತೆ ನಿನ್ನ ಕಡೆ ನುಗ್ಗಿ ಬಂದ ಹಕ್ಕಿಗಳದ್ದೇ ಇರಬೇಕು. ಶಟರ್ ವೇಗ ಎಷ್ಟಿತ್ತು?

ಸುರಪುರದವ · ಮಂಗಳವಾರ, ಬೆಳಿಗ್ಗೆ 8.02

ಸೆಕೆಂಡಿನ 1/800 ರೀ. ಯಪ್ಪಾ, ಎರಡು ವರ್ಷ ಬರೇ ಸೂರ್ಯನ್ನ ನೋಡಿದೆ.

ಕರಿಮಣ್ಣು · ಮಂಗಳವಾರ, ಬೆಳಿಗ್ಗೆ 8.15

ಹಾರುವುದಕ್ಕೆ 1/2000 ಕೆಳಗೆ ಇಳೀಬ್ಯಾಡ. ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಚುರುಕು) ಏರಿದರೆ ಏರಲಿ, ಕಾಳು ಕಾಳು ಕಂಡರೆ ಆಮೇಲೆ ತೆಗೀಬಹುದು. ಅಲುಗಿದ್ದು ತೆಗೀಲಿಕ್ಕೆ ಬರಲ್ಲ.

ಮಿಂಚುಳ್ಳಿ_ಅಕ್ಕ · ಮಂಗಳವಾರ, ಸಂಜೆ 5.50

ಕರಿಮಣ್ಣು ಅವರು ಹೇಳಿದ್ದು ಖರೆ, ಆದರೆ ಒಂದು ತಿದ್ದುಪಡಿ. ಚಳಿಗಾಲದಲ್ಲಿ ಸೂರ್ಯ ನೇರ ಪೂರ್ವಕ್ಕೆ ಹುಟ್ಟುವುದಿಲ್ಲ. ಡಿಸೆಂಬರ್ ಕೊನೆಗೆ ನಮ್ಮ ಅಕ್ಷಾಂಶದಲ್ಲಿ ಸುಮಾರು 25 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಗಾಳಿ ಈಶಾನ್ಯದ್ದಾದರೆ ಎರಡರ ನಡುವೆ ಅರವತ್ತು ಎಪ್ಪತ್ತು ಡಿಗ್ರಿ ಅಂತರ ಬೀಳುತ್ತದೆ. ಇದು ಕೆಟ್ಟದ್ದಲ್ಲ, ಒಳ್ಳೆಯದೇ. ಸೂರ್ಯನಿಗೆ ಬೆನ್ನು ಕೊಟ್ಟು ಕೂತವರಿಗೆ ಹಕ್ಕಿ ನೆಟ್ಟಗೆ ಎದೆಗೆ ಗುರಿಯಿಟ್ಟು ಬರದೆ ತುಸು ಓರೆಯಾಗಿ ಬರುತ್ತದೆ. ನೆಟ್ಟಗೆ ಬರುವ ಹಕ್ಕಿ ಫೋಟೋದಲ್ಲಿ ಒಂದು ಉಂಡೆಗೆ ಎರಡು ಕಡ್ಡಿ ಚುಚ್ಚಿದ ಹಾಗೆ ಕಾಣುತ್ತದೆ. ಓರೆಯಾದರೆ ಕಣ್ಣು, ಕೊಕ್ಕು, ಒಂದು ರೆಕ್ಕೆಯ ಒಳಮೈ ಎಲ್ಲಾ ಸಿಗುತ್ತವೆ.

ಕೂತ ಹಕ್ಕಿಯ ಮಾತೂ ಬೇರೆಯಲ್ಲ. ಕಲಬುರಗಿಯಿಂದ ಜೇವರ್ಗಿ ದಾರಿಯಲ್ಲಿ ಕರೆಂಟ್ ತಂತಿ ಮೇಲೆ ನೀಲಕಂಠ, ಕಾಜಾಣ, ಕಳ್ಳಿಪೀರ ಕೂತಿರುವುದನ್ನು ಗಮನಿಸಿ. ಗಾಳಿ ಜೋರಿದ್ದ ದಿನ ಎಲ್ಲವೂ ಒಂದೇ ದಿಕ್ಕಿಗೆ ಮುಖ ಹಾಕಿರುತ್ತವೆ, ಸಾಲಾಗಿ ಚಪ್ಪಲಿ ಬಿಟ್ಟ ಹಾಗೆ. ಹಿಂದಿನಿಂದ ಗಾಳಿ ಹೊಡೆದರೆ ಗರಿಯೆಲ್ಲ ಕೆದರಿ ಒಳಕ್ಕೆ ಚಳಿ ನುಗ್ಗುತ್ತದೆ, ಅದಕ್ಕೆ. ತಂತಿಯ ಯಾವ ಬದಿಗೆ ಗಾಡಿ ನಿಲ್ಲಿಸಬೇಕು ಅನ್ನುವುದನ್ನು ಹಕ್ಕಿಯೇ ಹೇಳುತ್ತದೆ. ನಾವು ಅವಸರಕ್ಕೆ ಬಿದ್ದು ಸಿಕ್ಕಲ್ಲಿ ಬ್ರೇಕ್ ಹಾಕುತ್ತೇವೆ.

ಬೀದರ್_ಕೆಂಪುಕಲ್ಲು · ಮಂಗಳವಾರ, ರಾತ್ರಿ 11.20

ನಾ ಒಪ್ಪಲ್ಲ. ಎಲ್ಲರೂ ಸೂರ್ಯನಿಗೆ ಬೆನ್ನು ಕೊಟ್ಟು ತೆಗೆದ ಫೋಟೋ ನೋಡಿ ನೋಡಿ ಬೇಸರ ಆಗ್ಯದ. ಗುರುತಿನ ಚೀಟಿಗೆ ತೆಗೆಸಿದ ಹಂಗ ಇರ್ತಾವ. ಕಾರಂಜಾ ಹಿನ್ನೀರಿನಾಗ ಒಂದು ನಸುಕಿಗೆ ಸೂರ್ಯನ ಎದುರಿಗೇ ಕೂತು ತೆಗೆದೆ. ರೀವ ಹಕ್ಕಿ ನೀರು ಕೊಡವಿದಾಗ ಹನಿ ಹನಿಗೂ ಬೆಳಕು ಹತ್ತಿತ್ತು, ರೆಕ್ಕಿ ಅಂಚು ಗಾಜಿನ ಹಂಗ. ಕಣ್ಣು ಕಾಣಲ್ಲ ಅಂದ್ರ ಕಾಣಲಿಲ್ಲ, ಏನೀಗ?

ಎರಡನೇದು, ಬೆಳಕು ಮ್ಯಾಲಿಂದಷ್ಟೇ ಬರ್ತದ ಅಂತ ಯಾಕ ತಿಳ್ಕೊಂಡೀರಿ? ನಮ್ಮಲ್ಲಿ ನೆಲ ಜಂಬಿಟ್ಟಿಗಿಯದು. ಬಿಸಿಲು ಬಿದ್ದ ಕೆಂಪು ನೆಲದ ಮ್ಯಾಲೆ ರಾಮದಾಸ ಹದ್ದು ಗಾಳಿಗೆ ಎದುರಾಗಿ ಒಂದೇ ಕಡಿ ರೆಕ್ಕಿ ಬಡಕೋತ ನಿಂತಾಗ ಅದರ ಬಿಳಿ ಹೊಟ್ಟಿ ನೋಡ್ರಿ. ತಿಳಿ ಕಾವಿ ಬಣ್ಣ ಬರ್ತದ. ಮೊದಲು ನಾ ಕ್ಯಾಮೆರಾದ ಬಣ್ಣ ಕೆಟ್ಟದ ಅಂತ ತಲಿ ಕೆಡಿಸಿಕೊಂಡಿದ್ದೆ. ಕೆಟ್ಟಿದ್ದಿಲ್ಲ, ನೆಲ ತನ್ನ ಬಣ್ಣ ಮ್ಯಾಲಕ್ಕ ತೂರ್ತಿತ್ತು.

ಗಾಳಿ ಬೆನ್ನಿಗಿರಲಿ ಅನ್ನೋ ಮಾತು ಹಕ್ಕಿಗೆ ಸರಿ. ಕೃಷ್ಣಮೃಗ ನೋಡಲಿಕ್ಕ ಬಂದಾಗ ಅದೇ ಮಾಡಿದ್ರ ನಿಮ್ಮ ಬೆವರ ವಾಸನಿ ಮೊದಲು ಹೋಗಿ ಸುದ್ದಿ ಮುಟ್ಟಸ್ತದ. ನಾ ಒಮ್ಮೆ ಹಕ್ಕಿ ಲೆಕ್ಕದಾಗ ಕೂತು ಇಡೀ ಹಿಂಡು ಓಡಿಸೀನಿ.

(ಹಾರೋದರ ಹಿಂದ ಕ್ಯಾಮೆರಾ ತಿರುಗಿಸೋ ರೂಢಿ ಆಗಬೇಕು ಅಂದ್ರ ಬೀದರಿಗೆ ಬರ್ರಿ. ವಾಯುನೆಲಿಯ ತರಬೇತಿ ವಿಮಾನ ದಿನಾ ತಲಿ ಮ್ಯಾಲೆ ಹಾರ್ತಾವ. ನೋಡಕೋತ ಬರೇ ಕತ್ತು ತಿರುಗಿಸಿ ರೂಢಿ ಮಾಡ್ಕೋರಿ ಅಂದೆ, ಫೋಟೋ ತೆಗೀಬ್ಯಾಡ್ರಿ ಮತ್ತ.)

ಮಿಂಚುಳ್ಳಿ_ಅಕ್ಕ · ಬುಧವಾರ, ಬೆಳಿಗ್ಗೆ 7.10

ಎದುರು ಬೆಳಕಿನ ಫೋಟೋ ಚೆಂದ, ಇಲ್ಲ ಅನ್ನಲ್ಲ. ಆದರೆ ಆ ಹುಡುಗ ಇನ್ನೂ ತಲೆಯ ಪಟ್ಟೆ ಕಂಡಿಲ್ಲ. ಮೊದಲು ಮೊಸರನ್ನ ಉಣ್ಣಲಿ, ಆಮೇಲೆ ಒಗ್ಗರಣೆ.

ತೊಗರಿಹೊಲ · ಬುಧವಾರ, ಮಧ್ಯಾಹ್ನ 2.30

ಸೇಡಂ ಕಡಿ ರೈತ ನಾನು. ಫೋಟೋದಾಗ ಹೊಸಬ, ಗಾಳಿಯಾಗ ಹಳಬ.

ಮೊಬೈಲ್ ಆ್ಯಪ್ ನಂಬಿ ನಾನೂ ಮೋಸ ಹೋದವನೇ. ಬಾಣ ಪಡುವಣಕ್ಕ ತೋರಸ್ತಿತ್ತು, ಪಡುವಣ ಗಾಳಿ ಅಂತ ತಿಳ್ಕೊಂಡು ಬೆನ್ನತೋರಾ ಹಿನ್ನೀರಿನ ತಪ್ಪು ದಂಡಿಗೆ ಹೋಗಿ ಕೂತೆ. ಆ ಬಾಣ ಗಾಳಿ ಹೋಗೋ ದಿಕ್ಕಿನದಂತ! ಗಾಳಿಗೆ ಹೆಸರಿಡೋದು ಮಾತ್ರ ಅದು ಬರೋ ದಿಕ್ಕಿಂದ. ಕೆಲವು ಆ್ಯಪ್‌ನಾಗ ಬಾಣ ಹಂಗ, ಕೆಲವದರಾಗ ಹಿಂಗ. ಮನ್ಯಾಗ ಕೂತು ಒಮ್ಮೆ ಕಿಡಕಿ ತೆಗದು ಪರೀಕ್ಷಾ ಮಾಡಿ ನೋಡ್ರಿ.

ಕೆರಿ ದಂಡಿಗೆ ಹೋದ ಮ್ಯಾಲೆ ಆ್ಯಪ್ ಬ್ಯಾಡ. ಒಂದು ಚಿಮಟಿ ಹುಡಿಮಣ್ಣು ಎದಿ ಎತ್ತರಕ್ಕ ಹಿಡದು ಬಿಡ್ರಿ. ಕಣದಾಗ ತೂರೋ ಮುಂದ ನಮ್ಮವ್ವ ಮೊದಲ ಮೊರ ಸುರಿಯೋಕಿಂತ ಮೊದಲು ಒಂದು ಹಿಡಿ ಹೊಟ್ಟು ಹಿಂಗೇ ಬಿಟ್ಟು ನೋಡ್ತಿದ್ಳು. ಗಾಳಿ ಜೋರು ಎಷ್ಟದ ಅನ್ನಲಿಕ್ಕ ಬಿಳಿಜೋಳದ ಹೊಲ ಸಾಕು. ಗರಿ ತುದಿ ಅಷ್ಟೇ ಅಲುಗಿದ್ರ ಗಂಟೆಗೆ 10 ಕಿ.ಮೀ. ಒಳಗ. ಗರಿ ಗರಿ ಉಜ್ಜಿ ಸಪ್ಪಳ ಬಿಡಲಾರದೆ ಬರ್ತಿದ್ರ 15ರ ಆಸುಪಾಸು. ದಾರಿ ಧೂಳು ಎದ್ದು, ಬಿದ್ದ ಹಾಳಿ ಹಾರಿದ್ರ 20 ದಾಟ್ಯದ. ಅದಕ್ಕೂ ಜೋರಾಗಿ ಬೇವಿನ ಸಸಿ ಬಗ್ಗಲಿಕತ್ತಿದ್ರ ಕ್ಯಾಮೆರಾ ಚೀಲದಾಗ ಹಾಕಿ ಸೀತನಿ (ಸುಟ್ಟ ಎಳೇ ಜೋಳದ ಕಾಳು) ತಿನ್ನಲಿಕ್ಕ ಹೋಗ್ರಿ.

ಬೀದರಣ್ಣ ನೆಲದ ಬೆಳಕಿನ ಬಗ್ಗೆ ಅಂದಿದ್ದು ನನಗ ಹತ್ತಿತು. ನಮ್ಮ ಎರಿ ಹೊಲ ಬೆಳಕು ನುಂಗ್ತದ. ಮ್ಯಾಲೆ ಹಾರೋ ಹಕ್ಕಿ ಹೊಟ್ಟಿ ಕರ್ರಗ ಬರ್ತದ, ಏನ್ ಮಾಡಿದ್ರೂ. ಅದೇ ಹದ್ದು ಹಾಳುಬಿದ್ದ ಶಹಾಬಾದ ಕಲ್ಲಿನ ಖಣಿ ಮ್ಯಾಲೆ ಬಂತು ಅಂದ್ರ ಕೆಳಗಿಂದ ಯಾರೋ ಕನ್ನಡಿ ಹಿಡದಂಗ. ಬಿಳಿ ಕಲ್ಲು, ನಿಂತ ನೀರು, ಎರಡೂ ಬೆಳಕು ತಿರುಗಿ ಒಗೀತಾವ. ನಾನು ಈಗ ಹದ್ದಿನ ಬೆನ್ನು ಹತ್ತೋದು ಬಿಟ್ಟೀನಿ. ಖಣಿ ಬದಿಗೆ ಕೂಡ್ತೀನಿ, ಅದು ಬರ್ತದ.

ಹೆಸರಿಲ್ಲದವ · ಬುಧವಾರ, ಮಧ್ಯಾಹ್ನ 3.05

ಸೀತನಿ ಎಲ್ಲಿ ಸಿಗ್ತದ್ರಿ?

ತೊಗರಿಹೊಲ · ಬುಧವಾರ, ಮಧ್ಯಾಹ್ನ 3.09

ಹೊಲಕ್ಕ ಬರ್ರಿ. ಗುಲಾಬಿ ಮೈನಾ ಹಿಂಡು ಏನಾರ ಉಳಿಸಿದ್ರ.

ಸುರಪುರದವ · ಬುಧವಾರ, ರಾತ್ರಿ 9.00

ಒಂದು ಸಂಶಯ. ಅಂಗಡಿಯವ್ರಿಗೆ ನಾ ತೋರಿಸಿದ ಫೋಟೋ ಬ್ಯಾರೇದು. ಹೋದ ತಿಂಗಳು ಮಧ್ಯಾಹ್ನ ಹನ್ನೊಂದಕ್ಕ ಹೊಲದಾಗ ಕೂತ ಟಿಟ್ಟಿಭದ್ದು ತೆಗೆದಿದ್ದೆ. ಹಕ್ಕಿ ಅಲ್ಲಾಡಿಲ್ಲ, ಗಾಳಿ ಇದ್ದಿಲ್ಲ, ಶಟರ್ 1/1600, ಮುಕ್ಕಾಲಿ ಮ್ಯಾಲೆ ಇಟ್ಟಿದ್ದೆ. ಆದ್ರೂ ಎಣ್ಣಿ ಸವರಿದ ಗಾಜಿನಾಗಿಂದ ನೋಡಿದಂಗ ಬಂದದ. ಇದಕ್ಕೇನಂತೀರಿ?

ಕರಿಮಣ್ಣು · ಗುರುವಾರ, ಬೆಳಿಗ್ಗೆ 6.15

ಝಳ. ಈ ಭಾಗದಲ್ಲಿ ಲೆನ್ಸ್ ಮಾರಾಟ ಆಗುವುದಕ್ಕೆ ಅರ್ಧ ಕಾರಣ ಇದೇ ಅಂತ ನನ್ನ ಗುಮಾನಿ.

ಎರೆಮಣ್ಣು ಬಿಸಿಲನ್ನು ಬೇಗ ಹೀರಿ ಕಾಯುತ್ತದೆ. ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಏಳುತ್ತದೆ, ಮೇಲಿನ ತಣ್ಣನೆಯದು ಇಳಿಯುತ್ತದೆ. ಬಿಸಿ ಗಾಳಿ, ತಣ್ಣನೆಯ ಗಾಳಿ ಬೆಳಕನ್ನು ಬಗ್ಗಿಸುವ ರೀತಿ ಬೇರೆ ಬೇರೆ. ನೀನು 60 ಮೀಟರ್ ದೂರದ ಟಿಟ್ಟಿಭವನ್ನು ನೋಡುವಾಗ ಆ 60 ಮೀಟರ್ ಉದ್ದಕ್ಕೂ ಕುದಿಯುವ ಗಾಳಿಯ ಒಳಗಿಂದ ನೋಡುತ್ತಿದ್ದೀಯ. 600ರ ಲೆನ್ಸ್ ಹಕ್ಕಿಯ ಜೊತೆಗೆ ಆ ಕುದಿತವನ್ನೂ ಹಿಗ್ಗಿಸುತ್ತದೆ. ಲಕ್ಷ ಕೊಟ್ಟದ್ದಾದರೂ ಅಷ್ಟೇ, ಐದು ಲಕ್ಷದ್ದಾದರೂ ಅಷ್ಟೇ. ಶಟರ್ ಏರಿಸಿದರೂ ಹೋಗಲ್ಲ.

ಲೆನ್ಸ್ ಕೆಟ್ಟಿದೆಯೋ ಗಾಳಿ ಕೆಟ್ಟಿದೆಯೋ ನೋಡಬೇಕಾದರೆ ಹೀಗೆ ಮಾಡು. ಕೂತ ಹಕ್ಕಿಯದು ಒಂದೇ ಸಮ ಇಪ್ಪತ್ತು ಫೋಟೋ ಹೊಡಿ. ಒಂದರಲ್ಲಿ ಕಣ್ಣು ಸರಿ, ಮುಂದಿನದರಲ್ಲಿ ಕೊಕ್ಕು ಸೊಟ್ಟ, ಅದರ ಮುಂದಿನದರಲ್ಲಿ ಮತ್ತೆ ತುಸು ಸರಿ, ಹೀಗೆ ಬಂದರೆ ಅದು ಝಳ. ಆಮೇಲೆ ಸಂಜೆ ಮನೆಯ ಪಡಸಾಲೆಯಲ್ಲಿ ಎಂಟು ಹತ್ತು ಮೀಟರ್ ದೂರದ ಗೋಡೆಗೆ ದಿನಪತ್ರಿಕೆ ಅಂಟಿಸಿ, ಮುಕ್ಕಾಲಿ ಮೇಲಿಟ್ಟು ತೆಗಿ. ಅಕ್ಷರ ಚೊಕ್ಕ ಬಂದರೆ ಲೆನ್ಸಿಗೆ ಕೈಮುಗಿದು ಒಳಗಿಡು.

ಕಾರಿನಿಂದ ತೆಗೆಯುವವರಿಗೂ ಒಂದು ಮಾತು. ಚಳಿ ಮುಂಜಾನೆ ಹೀಟರ್ ಹಾಕಿಕೊಂಡು ಬಂದು ಗಾಜು ಇಳಿಸಿ ತೆಗೆದರೆ, ಒಳಗಿನ ಬಿಸಿ ಗಾಳಿ ಕಿಟಕಿಯಿಂದ ಹೊರಗೆ ಹರಿಯುತ್ತಾ ಲೆನ್ಸಿನ ಮುಂದೆಯೇ ಝಳ ಎಬ್ಬಿಸುತ್ತದೆ. ಬಾನೆಟ್ ಮೇಲಿಂದಲೂ ಅದೇ. ಗಾಜು ಇಳಿಸಿ ಹತ್ತು ನಿಮಿಷ ಸುಮ್ಮನೆ ಕೂಡ್ರಿ.

ಇಲ್ಲಿ ಒಂದು ಸಂಕಟ ಇದೆ, ಅದನ್ನು ಯಾರೂ ಬರೆಯಲ್ಲ. ಜನವರಿಯಲ್ಲಿ ಕಲಬುರಗಿಗೆ ಸೂರ್ಯ ಬರುವುದು 6.50ರ ಹೊತ್ತಿಗೆ. ಆಗ ಬೆಳಕು ಚಿನ್ನ, ಆದರೆ ಗಾಳಿ ಬಹಳ ಸಲ ಸತ್ತೇ ಹೋಗಿರುತ್ತದೆ. ನೀರು ಕನ್ನಡಿ, ಹಕ್ಕಿ ಯಾವ ದಿಕ್ಕಿಗೆ ಬೇಕಾದರೂ ಇಳಿಯುತ್ತದೆ. ನೆಲ ಕಾದ ಮೇಲೆ ಗಾಳಿ ಏಳುತ್ತದೆ, ಅದರ ಹಿಂದೆಯೇ ಝಳವೂ ಬರುತ್ತದೆ. ಹಾಗಾಗಿ ಗಾಳಿ ಎದ್ದು ಝಳ ಇನ್ನೂ ಏಳದ ಹೊತ್ತು ಅಂತ ಒಂದಿದೆ. ನನ್ನ ಅನುಭವದಲ್ಲಿ ಎಂಟರಿಂದ ಒಂಬತ್ತು, ಒಮ್ಮೊಮ್ಮೆ ಒಂಬತ್ತೂಕಾಲು. ಆ ಒಂದು ತಾಸಿನಲ್ಲಿ ನಾನು ಫೋನ್ ಎತ್ತುವುದಿಲ್ಲ. ಮನೆಯವರಿಗೂ ಗೊತ್ತು.

ನೀರಿನ ಮೇಲೆ ಝಳ ತಡವಾಗಿ ಬರುತ್ತದೆ, ಹೊಲದಲ್ಲಿ ಬೇಗ. ಅದಕ್ಕೇ ಹೊಲದ ಹಕ್ಕಿ ಮೊದಲು, ಕೆರೆ ಆಮೇಲೆ.

ಬೀದರ್_ಕೆಂಪುಕಲ್ಲು · ಗುರುವಾರ, ಬೆಳಿಗ್ಗೆ 9.30

ಇದು ಒಪ್ಪಿದೆ. ಲೆನ್ಸಿನ ಹುಡ್ (ಬಾಯಿಗೆ ಹಾಕೋ ನೆರಳಿನ ಕೊಳವಿ) ಬಗ್ಗೆಯೂ ಹೇಳ್ರಿ. ದೊಡ್ಡ ಹುಡ್ ಗಾಳಿಗೆ ಹಡಗಿನ ಪಟದ ಹಂಗ ಹಿಡೀತದ. ಪಕ್ಕದಿಂದ ಗಾಳಿ ಹೊಡೆದ್ರ ನಾ ತೆಗೆದೇ ಬಿಡ್ತೀನಿ. ಮತ್ತ ಮುಕ್ಕಾಲಿ ಅಲುಗಬಾರದು ಅಂತ ಕೆಳಗ ಚೀಲ ಜೋತು ಹಾಕ್ತಾರಲ್ಲ, ಅದು ಗಾಳಿಗೆ ತೂಗಿ ಇನ್ನೂ ಹೆಚ್ಚು ಅಲುಗಸ್ತದ. ಚೀಲದ ತಳ ನೆಲಕ್ಕ ತಾಗಿರಬೇಕು. ಎಲ್ಲಕ್ಕಿಂತ ಚಲೋದಂದ್ರ ಮಲಕೊಳ್ಳೋದು. ನೆಲದ ಹತ್ತಿರ ಗಾಳಿ ಕಡಿಮಿ. ಝಳ ಮಾತ್ರ ಅಲ್ಲೇ ಹೆಚ್ಚು, ಅದಕ್ಕ ಅದು ಮುಂಜಾನಿ ಮೊದಲ ತಾಸಿನ ಕೆಲಸ.

ಮಿಂಚುಳ್ಳಿ_ಅಕ್ಕ · ಗುರುವಾರ, ರಾತ್ರಿ 8.40

ಬೆಳಕಿನ ಅಳತೆಯ ಮಾತು ಯಾರೂ ಎತ್ತಲಿಲ್ಲ. ಹೆಬ್ಬಾತು ಆಕಾಶದಿಂದ ಇಳಿದು, ಕಂಟಿ ಮರಗಳ ಮುಂದೆ ಹಾದು, ಹೊಳೆಯುವ ನೀರಿಗೆ ಬರುತ್ತದೆ. ಹಿನ್ನೆಲೆ ಮೂರು ಸಲ ಬದಲಾಯಿತು, ಹಕ್ಕಿಯ ಮೇಲೆ ಬಿದ್ದ ಬಿಸಿಲು ಬದಲಾಗಲಿಲ್ಲ. ಕ್ಯಾಮೆರಾಕ್ಕೆ ಬಿಟ್ಟರೆ ಅದು ಆಕಾಶ ನೋಡಿ ಹಕ್ಕಿಯನ್ನು ಕಪ್ಪು ಮಾಡುತ್ತದೆ, ಮರ ನೋಡಿ ಬಿಳುಚಿಸುತ್ತದೆ. ಬಿಸಿಲು ಸ್ಥಿರ ಇದ್ದರೆ ಮ್ಯಾನ್ಯುವಲ್‌ನಲ್ಲಿ ಒಮ್ಮೆ ಹೊಂದಿಸಿ ಮುಟ್ಟಬೇಡಿ. ನಾನು ದಂಡೆಯ ಬೆಳ್ಳಕ್ಕಿಯ ಮೇಲೆ ಹೊಂದಿಸಿಕೊಳ್ಳುತ್ತೇನೆ, ಅದರ ಬೆನ್ನಿನ ಗರಿ ಗೆರೆ ಕಾಣುವ ಮಟ್ಟಕ್ಕೆ. ಬೆಳ್ಳಕ್ಕಿ ಸುಟ್ಟುಹೋಗದಿದ್ದರೆ ಮಿಕ್ಕವೂ ಉಳಿಯುತ್ತವೆ. ಮೋಡ ಬಂದು ಹೋಗುತ್ತಿದ್ದರೆ ಈ ಲೆಕ್ಕ ನಡೆಯಲ್ಲ.

ಇನ್ನೊಂದು, ಮಳೆಗಾಲಕ್ಕೆ ಇಟ್ಟುಕೊಳ್ಳಿ. ಗೀಜಗನ ಗೂಡುಗಳನ್ನು ಗಮನಿಸಿದ್ದೀರಾ? ಬಾವಿ ಮೇಲಿನ ಜಾಲಿಮರದಲ್ಲಿ, ಈಚಲಲ್ಲಿ, ಹೆಚ್ಚಿನವು ಮರದ ಪೂರ್ವದ ಮಗ್ಗುಲಿಗೇ ಜೋತುಬಿದ್ದಿರುತ್ತವೆ. ಮುಂಗಾರಿನ ಗಾಳಿ ನೈಋತ್ಯದಿಂದ ಹೊಡೆಯುವಾಗ ಮರವೇ ಗೋಡೆಯಾಗಲಿ ಅಂತ. ಗಾಳಿಗೆ ಹೆದರಿ ಕಟ್ಟಿದ ಗೂಡಿಗೆ ಬೆಳಗಿನ ಬೆಳಕು ನೇರ ಬೀಳುತ್ತದೆ. ದೂರ ನಿಂತು ತೆಗೆಯಿರಿ, ಟೊಂಗೆ ಬಗ್ಗಿಸಬೇಡಿ, ಗೂಡು ಮುಟ್ಟಬೇಡಿ. ಗಾಳಿಯ ಎರಡು ಹೊಡೆತದ ನಡುವೆ ಗೂಡು ತೂಗಿ ಹಿಂದಿರುಗುವ ತುದಿಯಲ್ಲಿ ಅರೆಕ್ಷಣ ನಿಲ್ಲುತ್ತದೆ, ಆಗ ಒತ್ತಿ.

ತೊಗರಿಹೊಲ · ಗುರುವಾರ, ರಾತ್ರಿ 9.15

ಅಕ್ಕೋರ, ನಮ್ಮ ಬಾವಿ ಜಾಲಿಗೆ ಈಗೇ ಹೋಗಿ ಬ್ಯಾಟರಿ ಹಾಕಿ ನೋಡಿ ಬಂದೆ. ಹೋದ ವರ್ಷದ ಹಳೇ ಗೂಡು ಹದಿನಾಲ್ಕು ಉಳದಾವ. ಹನ್ನೆರಡು ಮೂಡಣಕ್ಕ! ಐವತ್ತು ವರ್ಷ ಅದರ ಕೆಳಗ ನೀರು ಸೇದೀನಿ.

ಸುರಪುರದವ · ಮುಂದಿನ ಸೋಮವಾರ, ರಾತ್ರಿ 8.20

ವರದಿ ಒಪ್ಪಸ್ತೀನಿ.

ದಿನಪತ್ರಿಕೆ ಪರೀಕ್ಷಾ ಆತು. ಅಕ್ಷರ ಅಷ್ಟೇ ಅಲ್ಲ, ಕಾಗದದ ನಾರು ಸಹಿತ ಕಾಣ್ತದ. ಲೆನ್ಸ್ ಗಟ್ಟಿ ಅದ. ಅಂಗಡಿಯಿಂದ ಎರಡು ಸಲ ಫೋನ್ ಬಂತು, ಎತ್ತಿಲ್ಲ.

ಐತವಾರ ನಸುಕಿನ್ಯಾಗ ಐದಕ್ಕ ಎದ್ದು ಬೋನಾಳಕ್ಕ ಹೋದೆ. ಹಿಂದಿನ ಕಾಲಕ್ಕ ಸುರಪುರದ ನಾಯಕರು ಕಟ್ಟಿಸಿ, ಆಮ್ಯಾಲೆ ಬ್ರಿಟಿಷ್ ಅಧಿಕಾರಿ ಟೇಲರ್ ಸಾಹೇಬ್ರು ದುರಸ್ತಿ ಮಾಡಿಸಿದ ಕೆರಿ. ಇಷ್ಟು ದಿನ ಅದಕ್ಕ ನಾಕು ದಂಡಿ ಅದಾವ ಅನ್ನೋದು ನನಗ ಗೊತ್ತಿದ್ದಿಲ್ಲ ಅನಸ್ತು. ಮೂಡಣ ಕಡಿಗೆ ಸುತ್ತು ಹಾಕಿ ಹೋಗಲಿಕ್ಕ ನಲವತ್ತು ನಿಮಿಷ ಹಿಡೀತು. ಏಳರಿಂದ ಎಂಟರ ತನಕ ಗಾಳಿ ಒಂದು ಎಲಿ ಅಲುಗಿಲ್ಲ. ಎಂಟಾಗಿ ಹತ್ತಕ್ಕ ಕತ್ತಿನ ಹಿಂದ ತಣ್ಣಗ ತಾಕ್ತು. ಹುಡಿಮಣ್ಣು ಬಿಟ್ಟೆ, ಪಡುವಣಕ್ಕ ಹೋತು. ಎದಿ ಡಬಡಬ ಅಂತಿತ್ತು.

ಹೊಲದ ಕಡಿಯಿಂದ ಹೆಬ್ಬಾತು ಬಂದ್ವು. ನನ್ನ ತಲಿ ಮ್ಯಾಲೆ ಹಾದು ಪಡುವಣಕ್ಕ ದೂರ ಹೋದ್ವು. ಹೋತಪ ಅಂದ್ಕೊಂಡೆ. ಅಲ್ಲಿ ಒಂದು ಸುತ್ತು ಹೊಡದು ಹೊಳ್ಳಿ, ಕಾಲು ಮುಂದ ಚಾಚಿ, ರೆಕ್ಕಿ ಬಟ್ಟಲ ಮಾಡಿ, ನೆಟ್ಟಗ ನನ್ನ ಕಡಿಗೇ ಇಳದ್ವು. ನಿಧಾನ ಅಂದ್ರ ನಿಧಾನ. ಒಂದು ಹೆಬ್ಬಾತಿನ ಕಣ್ಣಾಗ ಸೂರ್ಯನ ಚುಕ್ಕಿ ಕಂಡೆ.

ಕ್ಯಾಮೆರಾ ಹೋಗಿ ಮುಂದಿನ ಜೊಂಡಿಗೆ ಫೋಕಸ್ ಹಿಡೀತು. ಮೊದಲ ಗುಂಪಿನ ಮೂವತ್ತೂ ಫೋಟೋದಾಗ ಜೊಂಡು ಭಾಳ ಚಂದ ಬಂದದ. ಆಮ್ಯಾಲೆ ಬಂದ ಗುಂಪಿನಾಗ ಆರು ಸರಿ ಬಂದಾವ. ಒಂದು ಹಾಕೀನಿ, ಮ್ಯಾಲೆ ನೋಡ್ರಿ.

ಕರಿಮಣ್ಣು · ಸೋಮವಾರ, ರಾತ್ರಿ 8.31

ಪಟ್ಟಿ ಎರಡೂ ಕಾಣ್ತಾವಲ್ಲೋ! ಶಾಬಾಸ್.

ಹಕ್ಕಿಗಿಂತ ಹತ್ತಿರ ಇರುವ ಜೊಂಡನ್ನೇ ಫೋಕಸ್ ಮೊದಲು ಹಿಡಿಯುತ್ತದೆ. ಫೋಕಸ್ಸಿನ ಎಲ್ಲಾ ಚೌಕ ಬಿಟ್ಟು ನಡುವಿನ ಸಣ್ಣ ಗುಂಪು ಇಟ್ಟುಕೋ. ಲೆನ್ಸಿನ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ ನೋಡು, ಹತ್ತಿರದ್ದನ್ನು ಹುಡುಕಬೇಡ ಅಂತ ಹೇಳುವುದಕ್ಕೆ. ಅದನ್ನು ದೂರಕ್ಕೆ ಹಾಕು. ಜೊಂಡು ತಂತಾನೆ ಹೊರಗೆ ಉಳಿಯುತ್ತದೆ.

ಬೀದರ್_ಕೆಂಪುಕಲ್ಲು · ಸೋಮವಾರ, ರಾತ್ರಿ 8.50

ಜೊಂಡಿನ ಫೋಟೋನೂ ಹಾಕಪಾ. ಎದುರು ಬೆಳಕಿಂದಾದ್ರ ನಾ ಒಯ್ತೀನಿ.

ಸುರಪುರದವ · ಸೋಮವಾರ, ರಾತ್ರಿ 9.02

ಗುಂಡಿ ಸಿಕ್ತು ಅಣ್ಣಾರ. ಮೊದಲಿನ ಮಾಲಕ ಅದರ ಮ್ಯಾಲೆ ಟೇಪ್ ಹಚ್ಚಿದ್ದ. ಮುಂದಿನ ಐತವಾರ ಯಾರರ ಬರ್ತೀರೇನ್ರಿ? ಬೈಕ್ ಮ್ಯಾಲೆ ಹಿಂದ ಜಾಗ ಅದ, ನಾಕೂವರಿಗೆ ಬಿಡ್ತೀನಿ.

ತೊಗರಿಹೊಲ · ಸೋಮವಾರ, ರಾತ್ರಿ 9.04

ಶನಿವಾರ ರಾತ್ರಿನೇ ಸುರಪುರಕ್ಕ ಬಂದು ಬೀಳ್ತೀನಿ. ಸೀತನಿ ನನ್ನ ಜವಾಬ್ದಾರಿ.